ಹಳೆಯ ಗಣಕಯಂತ್ರವನ್ನು ವಿನಿಮಯಕ್ಕೆ ಕೊಡುವ ಮುನ್ನ: ಕಾಣೆಯಾದ ಡೇಟಾಬೇಸ್ ಸಂಪರ್ಕ ಮತ್ತು ಅದರ ಜೋಡಣೆ

ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಯಂತ್ರಗಳ ಪೈಕಿ ಅನೇಕವು ವಿಂಡೋಸ್ 11ಕ್ಕೆ ಬೇಕಾದ ಅರ್ಹತೆಯನ್ನು ಹೊಂದಿಲ್ಲ. ಇದರಿಂದಾಗಿ ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಮಂಡಿಗಳಿರಲಿ, ಯಲಹಂಕದ ಸಣ್ಣ ಕಾರ್ಖಾನೆಗಳಿರಲಿ, ಆರ್.ಟಿ. ನಗರದ ಅಂಗಡಿಗಳಿರಲಿ, ಹತ್ತು ಹನ್ನೆರಡು ವರ್ಷ ದುಡಿದ ಗಣಕಯಂತ್ರಕ್ಕೆ ನಿವೃತ್ತಿ ಕೊಟ್ಟು ಹೊಸದನ್ನು ತರುವ ಪ್ರಸಂಗ ಒದಗಿದೆ. ಹೊಸ ಯಂತ್ರ ಎಸ್.ಪಿ. ರಸ್ತೆಯಿಂದ ಬರುತ್ತದೆ, ಹಳೆಯದು ಸ್ವಲ್ಪ ರಿಯಾಯಿತಿಯ ಆಸೆಗೆ ಅದೇ ಅಂಗಡಿಗೆ ಹೋಗುತ್ತದೆ. ಹೀಗೆ ಹೋಗುವ ಯಂತ್ರದೊಡನೆ ಸಂಸ್ಥೆಯ ಹತ್ತು ವರ್ಷಗಳ ಲೆಕ್ಕವೂ ಹೊರಟುಹೋಗಬಹುದೆಂಬ ಸಂಗತಿ ಮಾತ್ರ ಮಾಲೀಕರ ಗಮನಕ್ಕೆ ಬರುವುದು ತಡವಾಗಿ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಯಶವಂತಪುರದ ಒಬ್ಬ ದಿನಸಿ ಸಗಟು ವ್ಯಾಪಾರಿಯು ಸುಮಾರು ಹತ್ತು ವರ್ಷಗಳ ಹಿಂದೆ ತಮ್ಮ ಬಿಲ್ಲು, ದಾಸ್ತಾನು ಮತ್ತು ಉದ್ರಿ ವಸೂಲಿಗಾಗಿ ಪರಿಚಯದ ಯುವಕನೊಬ್ಬನಿಂದ ತಂತ್ರಾಂಶವನ್ನು ಮಾಡಿಸಿಕೊಂಡಿದ್ದಾರೆ. ಅದು ಜಾವಾ ಭಾಷೆಯಲ್ಲಿ ಬರೆದ ವೆಬ್ ತಂತ್ರಾಂಶ. ಮಂಡಿಯ ಒಂದು ಯಂತ್ರದಲ್ಲಿ ಓಡುತ್ತದೆ. ಗಲ್ಲಾಪೆಟ್ಟಿಗೆಯ ಬಳಿಯ ಯಂತ್ರವೂ ಗೋದಾಮಿನ ಯಂತ್ರವೂ ಬ್ರೌಸರಿನ ಮೂಲಕ ಅದನ್ನು ಬಳಸುತ್ತವೆ. ಯುವಕ ಈಗ ಹೆಬ್ಬಾಳದ ಬಳಿಯ ದೊಡ್ಡ ಕಂಪನಿಯೊಂದರಲ್ಲಿದ್ದಾನೆ, ದೂರವಾಣಿಗೆ ಸಿಗುವುದು ಅಪರೂಪ. ಹೊಸ ಯಂತ್ರ ಬಂದ ದಿನ ಬೇರೊಬ್ಬ ತಂತ್ರಜ್ಞನು ಹಳೆಯ ಯಂತ್ರದಿಂದ ಪ್ರಾಜೆಕ್ಟಿನ ಫೋಲ್ಡರನ್ನು ಪೆನ್ ಡ್ರೈವಿಗೆ ತುಂಬಿಕೊಂಡು, ಹೊಸದರಲ್ಲಿ ನೆಟ್‌ಬೀನ್ಸ್ ಸ್ಥಾಪಿಸಿ, ಪ್ರಾಜೆಕ್ಟನ್ನು ಇಂಪೋರ್ಟ್ ಮಾಡುತ್ತಾನೆ. ಪರದೆಯ ಮೇಲೆ ಪ್ರಾಜೆಕ್ಟಿನ ಹೆಸರಿನ ಪಕ್ಕದಲ್ಲಿ ಎಚ್ಚರಿಕೆಯ ಗುರುತು ಮೂಡುತ್ತದೆ: ಈ ಪ್ರಾಜೆಕ್ಟಿಗೆ ಬೇಕಾದ ಡೇಟಾಬೇಸ್ ಸಂಪರ್ಕ ಕಾಣೆಯಾಗಿದೆ. ಮಾಲೀಕರ ಕಿವಿಗೆ ಬೀಳುವುದು "ಡೇಟಾಬೇಸ್" ಮತ್ತು "ಕಾಣೆಯಾಗಿದೆ" ಎಂಬ ಎರಡು ಮಾತುಗಳು ಮಾತ್ರ. ಅಷ್ಟಕ್ಕೇ ಅವರ ಎದೆ ಧಸಕ್ಕೆನ್ನುತ್ತದೆ.

ಕಾಣೆಯಾಗಿರುವುದು ಲೆಕ್ಕವಲ್ಲ, ಲೆಕ್ಕವಿರುವ ಸ್ಥಳಕ್ಕೆ ಹೋಗುವ ದಾರಿ. 2025ರ ಆರಂಭದಲ್ಲಿ ಕಾವೇರಿ 2.0 ವ್ಯವಸ್ಥೆಯು ಕೆಲವು ದಿನ ಸ್ತಬ್ಧವಾದಾಗ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಜನರು ಕ್ರಯಪತ್ರ ಹಿಡಿದು ಕಾದಿದ್ದನ್ನು ಓದುಗರು ಮರೆತಿರಲಾರರು. ಅಲ್ಲಿನ ಕಾರಣ ಬೇರೆ. ಹೊರಗಿನಿಂದ ಲೆಕ್ಕವಿಲ್ಲದಷ್ಟು ಸುಳ್ಳು ಕೋರಿಕೆಗಳನ್ನು ಕಳುಹಿಸಿ ವ್ಯವಸ್ಥೆಯನ್ನು ಉಸಿರುಗಟ್ಟಿಸಲಾಗಿತ್ತೆಂದು ಸರ್ಕಾರ ತಿಳಿಸಿತು. ಆದರೆ ಅಲ್ಲಿಯೂ ದಾಖಲೆಗಳು ಅಳಿದಿರಲಿಲ್ಲ, ಅವುಗಳನ್ನು ತಲುಪುವ ಮಾರ್ಗ ಮುಚ್ಚಿತ್ತು. ಮಂಡಿಯ ಸಮಸ್ಯೆಯೂ ಇದೇ ಜಾತಿಯದು. ಟ್ಯಾಲಿ ಬಳಸುವವರಿಗೂ ಇದು ಅಪರಿಚಿತವಲ್ಲ: ಡೇಟಾ ಫೋಲ್ಡರಿನ ದಾರಿ ತಪ್ಪಾಗಿದ್ದರೆ ಪಟ್ಟಿಯಲ್ಲಿ ಕಂಪನಿಯ ಹೆಸರೇ ಕಾಣುವುದಿಲ್ಲ.

ಪ್ರಾಜೆಕ್ಟ್ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ

ಪ್ರಾಜೆಕ್ಟಿನ ಫೋಲ್ಡರಿನಲ್ಲಿರುವುದು ಬಿಲ್ಲನ್ನು ಹೇಗೆ ತೋರಿಸಬೇಕು, ತೆರಿಗೆಯನ್ನು ಹೇಗೆ ಕೂಡಬೇಕು ಎಂಬ ಆದೇಶಗಳು. ಬಿಲ್ಲುಗಳು ಅಲ್ಲಿರುವುದಿಲ್ಲ. ಅವು ಮೈಎಸ್‌ಕ್ಯೂಎಲ್ ಎಂಬ ಪ್ರತ್ಯೇಕ ಡೇಟಾಬೇಸ್ ತಂತ್ರಾಂಶದ ಸುಪರ್ದಿನಲ್ಲಿ, ವಿಂಡೋಸ್ ಯಂತ್ರವಾದರೆ ಸಾಮಾನ್ಯವಾಗಿ ಸಿ ಡ್ರೈವಿನ ಪ್ರೋಗ್ರಾಮ್‌ಡೇಟಾ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಈ ಫೋಲ್ಡರು ಕಣ್ಣಿಗೆ ಬೀಳದಂತೆ ಮರೆಯಾಗಿಡಲ್ಪಟ್ಟಿರುತ್ತದೆ. ಡೆಸ್ಕ್‌ಟಾಪು, ಮೈ ಡಾಕ್ಯುಮೆಂಟ್ಸು ಎಲ್ಲವನ್ನೂ ನಕಲು ಮಾಡಿಕೊಂಡೆವೆಂದು ನೆಮ್ಮದಿಯಿಂದಿರುವವರು ಮುಖ್ಯವಾದುದನ್ನೇ ಬಿಟ್ಟುಬಂದಿರುತ್ತಾರೆ.

ಮೂರನೆಯ ವಸ್ತುವೇ ಸಂಪರ್ಕ. ಯಾವ ಯಂತ್ರ, ಯಾವ ದ್ವಾರ ಸಂಖ್ಯೆ, ಯಾವ ಡೇಟಾಬೇಸ್, ಯಾವ ಬಳಕೆದಾರ, ಯಾವ ಗುಪ್ತಪದ, ಯಾವ ಡ್ರೈವರ್ ಎಂಬ ಆರು ವಿವರಗಳ ಕಂತೆ ಅದು. ನೆಟ್‌ಬೀನ್ಸ್ ತಂತ್ರಾಂಶವು ತಾನು ಬಳಸುವ ಸಂಪರ್ಕವನ್ನು ಪ್ರಾಜೆಕ್ಟಿನಲ್ಲಿಡದೆ ಆ ಯಂತ್ರದ ಬಳಕೆದಾರನ ಖಾಸಗಿ ಫೋಲ್ಡರಿನಲ್ಲಿಡುತ್ತದೆ. ಪ್ರಾಜೆಕ್ಟಿನಲ್ಲಿ ಅದರ ಉಲ್ಲೇಖ ಮಾತ್ರ. ಎಕ್ಲಿಪ್ಸಿನಲ್ಲಿ ಅದು ವರ್ಕ್‌ಸ್ಪೇಸಿನೊಳಗಿನ ಮೆಟಾಡೇಟಾ ಫೋಲ್ಡರಿನಲ್ಲಿರುತ್ತದೆ. ಆದ್ದರಿಂದ ಇಂಪೋರ್ಟ್ ಮಾಡಿದಾಗ ಉಲ್ಲೇಖ ಬರುತ್ತದೆ, ಉಲ್ಲೇಖಿತವಾದದ್ದು ಬರುವುದಿಲ್ಲ. ಆಮದು ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇನ್‌ವಾಯ್ಸ್ ಕೈಸೇರಿದ ಮಾತ್ರಕ್ಕೆ ಸರಕು ಗೋದಾಮಿಗೆ ಬಂದಂತಾಗದು.

ಹಳೆಯ ಯಂತ್ರದಿಂದ ತರಬೇಕಾದದ್ದು

ಮೊದಲನೆಯ ಕೆಲಸ ಹಳೆಯ ಯಂತ್ರವನ್ನು ಯಾರಿಗೂ ಕೊಡದಿರುವುದು, ಮತ್ತು ಅದನ್ನು ಫಾರ್ಮ್ಯಾಟ್ ಮಾಡದಿರುವುದು. ಎರಡನೆಯದು, ಅದರಲ್ಲಿನ ಡೇಟಾಬೇಸನ್ನು ಕ್ರಮಬದ್ಧವಾಗಿ ಹೊರತೆಗೆಯುವುದು. ಡೇಟಾಬೇಸ್ ಓಡುತ್ತಿರುವಾಗಲೇ ಅದರ ಕಡತಗಳನ್ನು ಎಳೆದು ನಕಲು ಮಾಡುವ ಅಭ್ಯಾಸ ಕೆಲವು ತಂತ್ರಜ್ಞರಲ್ಲಿದೆ. ಅರ್ಧ ಬರೆದ ಪುಟವನ್ನು ಛಾಯಾಪ್ರತಿ ತೆಗೆದಂತೆ, ಅಂತಹ ನಕಲು ನಂಬಿಕೆಗೆ ಅರ್ಹವಲ್ಲ. ಮೈಎಸ್‌ಕ್ಯೂಎಲ್‌ನೊಡನೆ ಬರುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಾಧನವನ್ನೇ ಬಳಸತಕ್ಕದ್ದು. ಇಲ್ಲೊಂದು ಸೂಕ್ಷ್ಮವಿದೆ. ಡೇಟಾಬೇಸಿನೊಳಗೆ ಬರೆದಿಟ್ಟಿರುವ ಕಾರ್ಯವಿಧಾನಗಳು, ಅಂದರೆ ಪ್ರೊಸೀಜರುಗಳು, ವಿಶೇಷವಾಗಿ ಕೇಳದ ಹೊರತು ಈ ಸಾಧನದ ಪ್ರತಿಯಲ್ಲಿ ಸೇರುವುದಿಲ್ಲ. ಬಿಲ್ಲುಗಳೆಲ್ಲ ಹೊಸ ಯಂತ್ರದಲ್ಲಿ ಸರಿಯಾಗಿ ಕಾಣುತ್ತವೆ, ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಾರೆ. ತಿಂಗಳ ಕೊನೆಯಲ್ಲಿ ದಾಸ್ತಾನು ಮುಕ್ತಾಯದ ಗುಂಡಿ ಒತ್ತಿದಾಗ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಹಳೆಯ ಯಂತ್ರ ಎಲ್ಲಿಗೆ ಹೋಯಿತೋ ಬಲ್ಲವರಿಲ್ಲ.

ಬಳಕೆದಾರರ ಹೆಸರು ಮತ್ತು ಗುಪ್ತಪದಗಳೂ ಹಾಗೆಯೇ. ಅವು ಮೈಎಸ್‌ಕ್ಯೂಎಲ್‌ನ ಸ್ವಂತ ಆಡಳಿತ ಡೇಟಾಬೇಸಿನಲ್ಲಿರುತ್ತವೆ; ಸಂಸ್ಥೆಯ ಡೇಟಾಬೇಸನ್ನಷ್ಟೇ ತಂದರೆ ಬರುವುದಿಲ್ಲ. ಹೊಸ ಯಂತ್ರದಲ್ಲಿ ಅವನ್ನು ಮತ್ತೆ ಸೃಷ್ಟಿಸಿ ಅಧಿಕಾರ ಕೊಡಬೇಕಾಗುತ್ತದೆ.

ಸಂಪರ್ಕ ಒಂದಲ್ಲ, ಎರಡು

ಹೊಸ ಯಂತ್ರದಲ್ಲಿ ಡೇಟಾಬೇಸನ್ನು ಸ್ಥಾಪಿಸಿ ಪ್ರತಿಯನ್ನು ತುಂಬಿದ ಮೇಲೆ ನೆಟ್‌ಬೀನ್ಸಿನ ಎಡಭಾಗದ ಸರ್ವೀಸಸ್ ಎಂಬ ಪುಟವನ್ನು ತೆರೆದು, ಅಲ್ಲಿ ಡ್ರೈವರನ್ನು ಸೇರಿಸಿ, ಹೊಸ ಸಂಪರ್ಕವನ್ನು ರಚಿಸಬೇಕು. ವಿಳಾಸ ಮತ್ತು ಬಳಕೆದಾರನ ಹೆಸರು ಹಳೆಯ ಉಲ್ಲೇಖದಲ್ಲಿ ಇದ್ದಂತೆಯೇ ಇರುವುದು ಮೇಲು. ಒಂದು ಅಕ್ಷರ ವ್ಯತ್ಯಾಸವಾದರೂ ಪ್ರಾಜೆಕ್ಟು ಅದನ್ನು ತನ್ನದೆಂದು ಗುರುತಿಸದೆ ಹೋಗಬಹುದು. ಆನಂತರ ಪ್ರಾಜೆಕ್ಟಿನ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಸಮಸ್ಯೆಯನ್ನು ಪರಿಹರಿಸುವ ಆಯ್ಕೆ ದೊರೆಯುತ್ತದೆ. ಎಚ್ಚರಿಕೆಯ ಗುರುತು ಮಾಯವಾಗುತ್ತದೆ.

ಬಹುಪಾಲು ತಂತ್ರಜ್ಞರು ಇಲ್ಲಿಗೆ ಬಿಲ್ಲು ಬರೆಯುತ್ತಾರೆ. ಆದರೆ ಬ್ರೌಸರಿನಲ್ಲಿ ಪುಟ ತೆರೆದರೆ ಮತ್ತೆ ದೋಷ! ಏಕೆಂದರೆ ಈಗ ಸರಿಯಾದದ್ದು ತಂತ್ರಾಂಶವನ್ನು ತಿದ್ದುವ ಸಾಧನದ ಸಂಪರ್ಕ ಮಾತ್ರ. ತಂತ್ರಾಂಶ ಓಡುವಾಗ ಬೇಕಾದ ಸಂಪರ್ಕವನ್ನು ಒದಗಿಸುವುದು ಟಾಮ್‌ಕ್ಯಾಟ್ ಅಥವಾ ಅಂತಹುದೇ ಬೇರೆ ಸರ್ವರ್. ಅದರ ವಿವರ ಕಾಂಟೆಕ್ಸ್ಟ್ ಎಂಬ ಹೆಸರಿನ ಎಕ್ಸ್‌ಎಂಎಲ್ ಕಡತದಲ್ಲಿರಬೇಕು. ಸಂಪರ್ಕವನ್ನು ಟಾಮ್‌ಕ್ಯಾಟೇ ನಿರ್ವಹಿಸುವಂತಿದ್ದರೆ ಡ್ರೈವರ್ ಕಡತವು ಟಾಮ್‌ಕ್ಯಾಟಿನ ಲಿಬ್ ಫೋಲ್ಡರಿನಲ್ಲಿರಬೇಕು. ಹಳೆಯ ಯಂತ್ರದಲ್ಲಿ ಯಾರೋ ಒಮ್ಮೆ ಹಾಕಿದ್ದು ಹತ್ತು ವರ್ಷ ಕೆಲಸ ಮಾಡಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. ಡ್ರೈವರಿನ ಹೆಸರು ಖಾಲಿ, ವಿಳಾಸ 'ನಲ್' ಎಂದು ಟಾಮ್‌ಕ್ಯಾಟ್ ದೂರಿದರೆ ಅದರ ಅರ್ಥ ಸರಳ: ಪ್ರಾಜೆಕ್ಟು ಕೇಳಿದ ಹೆಸರಿನ ಸಂಪರ್ಕವನ್ನು ಸರ್ವರಿನಲ್ಲಿ ಯಾರೂ ಬರೆದಿಲ್ಲ.

ಹೊಸದೆಲ್ಲವೂ ಒಳ್ಳೆಯದೆಂಬ ಭ್ರಮೆಯೂ ಇಲ್ಲಿ ತೊಂದರೆ ಕೊಡುತ್ತದೆ. ಟಾಮ್‌ಕ್ಯಾಟ್ 10ರಿಂದ ಜಾವಾ ವೆಬ್ ತಂತ್ರಾಂಶದ ಮೂಲ ಪೊಟ್ಟಣಗಳ ಹೆಸರು 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಆಯಿತು. ಹಳೆಯ ಪ್ರಾಜೆಕ್ಟು ಅದರಲ್ಲಿ ಹಾಗೆಯೇ ಓಡುವುದಿಲ್ಲ. ಅದಕ್ಕೆ ಟಾಮ್‌ಕ್ಯಾಟ್ 9 ಬೇಕು. ಮೈಎಸ್‌ಕ್ಯೂಎಲ್ 8ರಲ್ಲಿ ಗುಪ್ತಪದವನ್ನು ಪರಿಶೀಲಿಸುವ ಪದ್ಧತಿ ಬದಲಾಗಿರುವುದರಿಂದ ಬಹಳ ಹಳೆಯ ಡ್ರೈವರುಗಳು ಅದರೊಡನೆ ಮಾತನಾಡಲಾರವು. ಯಂತ್ರವನ್ನು ಬದಲಾಯಿಸುವ ದಿನವೇ ಎಲ್ಲ ತಂತ್ರಾಂಶಗಳ ಆವೃತ್ತಿಯನ್ನೂ ಬದಲಾಯಿಸುವುದು ಅವಿವೇಕ. ಮೊದಲು ಹಳೆಯದು ಇದ್ದಂತೆ ಓಡಲಿ, ಆಮೇಲೆ ಒಂದೊಂದಾಗಿ ಏರಿಸಬಹುದು.

ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಮಾಡಿಸಿದವರಿಗೆ ಸಂಪರ್ಕದ ವಿವರವು ವೆಬ್ ಕಾನ್ಫಿಗ್ ಕಡತದಲ್ಲಿ ಪ್ರಾಜೆಕ್ಟಿನೊಡನೆಯೇ ಬರುತ್ತದೆ. ಅಲ್ಲಿನ ತೊಡಕು ಬೇರೆ. ಸುರಕ್ಷತೆಗಾಗಿ ಆ ಭಾಗವನ್ನು ಗೂಢಲಿಪಿಗೆ ಬದಲಾಯಿಸಿದ್ದರೆ ಅದನ್ನು ಬಿಡಿಸುವ ಕೀಲಿ ಹಳೆಯ ಯಂತ್ರದಲ್ಲಿರುತ್ತದೆ; ಹೊಸ ಯಂತ್ರವು ಅದನ್ನು ಓದಲಾರದು. ಇನ್ನು ಓಡಿಬಿಸಿ ಮೂಲಕ ಆಕ್ಸೆಸ್ ಕಡತಕ್ಕೆ ಜೋಡಿಸಿದ ಇನ್ನೂ ಹಳೆಯ ತಂತ್ರಾಂಶಗಳಲ್ಲಿ, 64 ಬಿಟ್ ವಿಂಡೋಸಿನಲ್ಲಿ ಓಡಿಬಿಸಿಯ ನೋಂದಣಿ ಪುಸ್ತಕಗಳು ಎರಡಿವೆಯೆಂಬುದನ್ನು ಮರೆಯಬಾರದು. 32 ಬಿಟ್ ತಂತ್ರಾಂಶಕ್ಕೆ ಬೇಕಾದ ಹೆಸರನ್ನು 64ರ ಪುಸ್ತಕದಲ್ಲಿ ಬರೆದು, ಇದೆಯಲ್ಲ, ಏಕೆ ಸಿಗುತ್ತಿಲ್ಲ ಎಂದು ದಿನವಿಡೀ ತಲೆ ಕೆಡಿಸಿಕೊಂಡವರುಂಟು.

ದೋಷ ಸಂದೇಶವೂ ಒಂದು ವರದಿ

ತಂತ್ರಜ್ಞರು ದೋಷ ಸಂದೇಶವನ್ನು ಓದದೆ ಮುಚ್ಚುವುದನ್ನು ಮಾಲೀಕರು ತಡೆಯಬೇಕು. ಡ್ರೈವರ್ ಸಿಗಲಿಲ್ಲವೆಂದರೆ ಇನ್ನೂ ಮನೆಯಿಂದಲೇ ಹೊರಟಿಲ್ಲವೆಂದರ್ಥ. ಸರ್ವರಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲವೆಂದರೆ ವಿಳಾಸ ತಪ್ಪಿದೆ, ಅಥವಾ ಡೇಟಾಬೇಸ್ ಸೇವೆ ಆರಂಭವಾಗಿಲ್ಲ, ಅಥವಾ ಫೈರ್‌ವಾಲು ದ್ವಾರವನ್ನು ಮುಚ್ಚಿದೆ. ಮೈಎಸ್‌ಕ್ಯೂಎಲ್‌ಗೆ ರೂಢಿಯ ದ್ವಾರ ಸಂಖ್ಯೆ 3306, ಎಸ್‌ಕ್ಯೂಎಲ್ ಸರ್ವರಿಗೆ 1433. ಬಳಕೆದಾರನಿಗೆ ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ಬಂದರೆ ಅದು ವಾಸ್ತವವಾಗಿ ಶುಭ ಸಮಾಚಾರ: ಬಾಗಿಲು ಸಿಕ್ಕಿದೆ, ಒಳಗಿನವರು ಉತ್ತರಿಸುತ್ತಿದ್ದಾರೆ, ಬೀಗದ ಕೈ ಮಾತ್ರ ತಪ್ಪು. ಅಂತಹ ಹಂತದಲ್ಲಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಸ್ಥಾಪಿಸುವ ಸಲಹೆಯನ್ನು ಒಪ್ಪಬಾರದು.

ಕನ್ನಡದ ಹೆಸರುಗಳನ್ನು ಡೇಟಾಬೇಸಿನಲ್ಲಿಟ್ಟಿರುವವರಿಗೆ ಇನ್ನೊಂದು ಮಾತು. ಸಂಪರ್ಕವು ಯೂನಿಕೋಡ್ ಅಕ್ಷರಗಳಿಗೆ ಹೊಂದಿಕೆಯಾಗಿರದಿದ್ದರೆ ರೈತರ, ಗಿರಾಕಿಗಳ ಹೆಸರುಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಕಾಣುತ್ತದೆ. ಕಾಣುವುದಷ್ಟೇ ಆದರೆ ಚಿಂತೆಯಿಲ್ಲ, ಸಂಪರ್ಕದ ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ತಿದ್ದಿದರೆ ಸರಿಹೋಗಬಹುದು. ಆದರೆ ಪ್ರಶ್ನೆ ಚಿಹ್ನೆಯಿರುವ ಪುಟವನ್ನು ಉಳಿಸುವ ಗುಂಡಿ ಒತ್ತಿದರೆ ಆ ಚಿಹ್ನೆಗಳೇ ದಾಖಲೆಯಾಗುತ್ತವೆ. ಮೂಲ ಹೆಸರು ಮತ್ತೆ ಸಿಗದು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದದ್ದಾದರೆ ಸಮಸ್ಯೆ ಸಂಪರ್ಕದ್ದಲ್ಲ, ಫಾಂಟಿನದು. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಕಾಣೆಯಾದ ಸಂಪರ್ಕಕ್ಕಿಂತ ತಪ್ಪಿದ ಸಂಪರ್ಕ ಅಪಾಯಕರ

ಸಂಪರ್ಕ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಸಂಪರ್ಕವು ತಪ್ಪು ಡೇಟಾಬೇಸಿಗೆ ಆಗಿದ್ದರೆ ಕೆಲಸ ನಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ತಂತ್ರಜ್ಞನು ಅವಸರದಲ್ಲಿ ಆರು ತಿಂಗಳ ಹಿಂದಿನ ಬ್ಯಾಕಪ್ಪಿಗೋ, ತಂತ್ರಾಂಶ ರಚಿಸುವಾಗ ಪರೀಕ್ಷೆಗಾಗಿ ಮಾಡಿಟ್ಟಿದ್ದ ಡೇಟಾಬೇಸಿಗೋ ಜೋಡಿಸಿದನೆಂದುಕೊಳ್ಳಿ. ಪರದೆಯ ಮೇಲೆ ಬಿಲ್ಲು, ಗಿರಾಕಿ, ದಾಸ್ತಾನು ಎಲ್ಲವೂ ಇರುತ್ತವೆ. ಗುಮಾಸ್ತರು ಬಿಲ್ಲು ಹಾಕತೊಡಗುತ್ತಾರೆ. ಆರು ತಿಂಗಳ ಹಿಂದೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಬಿಲ್ಲಿನ ಸಂಖ್ಯೆ ಮುಂದುವರಿಯುತ್ತದೆ.

ಜಿ.ಎಸ್.ಟಿ. ನಿಯಮ 46ರ ಪ್ರಕಾರ ತೆರಿಗೆ ಬಿಲ್ಲಿನ ಸಂಖ್ಯೆಯು ಅನುಕ್ರಮವಾಗಿರಬೇಕು, ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಬಾರದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿ, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಂದವರು ಒಂದು ಲೆಕ್ಕಕ್ಕೆ ಪುಣ್ಯವಂತರು. ಅವರ ಐ.ಆರ್.ಎನ್. ಸಂಖ್ಯೆಯು ಮಾರಾಟಗಾರರ ಜಿ.ಎಸ್.ಟಿ. ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆಗಳಿಂದ ಹುಟ್ಟುವುದರಿಂದ, ಅದೇ ವರ್ಷದಲ್ಲಿ ಅದೇ ಬಿಲ್ಲಿನ ಸಂಖ್ಯೆ ಎರಡನೆಯ ಸಲ ಬಂದೊಡನೆ ಪೋರ್ಟಲ್ಲು ತಿರಸ್ಕರಿಸುತ್ತದೆ. ತಪ್ಪು ಮೊದಲ ಬಿಲ್ಲಿಗೇ ಬಯಲಾಗುತ್ತದೆ. ಅದಕ್ಕಿಂತ ಚಿಕ್ಕ ವರ್ತಕರಿಗೆ ಈ ಕಾವಲಿಲ್ಲ. ಅವರ ತಪ್ಪು ಹೊರಬೀಳುವುದು ಜಿ.ಎಸ್.ಟಿ.ಆರ್-1 ಸಿದ್ಧಪಡಿಸುವಾಗ, ಇಲ್ಲವೇ ಕೊಂಡವರು ತಮ್ಮ ಜಿ.ಎಸ್.ಟಿ.ಆರ್-2ಬಿಯಲ್ಲಿ ಬಿಲ್ಲು ತಾಳೆಯಾಗದೆ ದೂರವಾಣಿ ಮಾಡಿದಾಗ. ಅಷ್ಟರಲ್ಲಿ ನಿಜವಾದ ಲೆಕ್ಕ ಒಂದು ಕಡೆ, ಹೊಸ ಬಿಲ್ಲುಗಳು ಇನ್ನೊಂದು ಕಡೆ. ಎರಡನ್ನೂ ಬೆಸೆಯುವುದು ಕೈಯಿಂದಲೇ ಮಾಡಬೇಕಾದ ಕೆಲಸ.

ಆದುದರಿಂದ ಸಂಪರ್ಕ ಸರಿಯಾಯಿತೆಂಬ ತಂತ್ರಜ್ಞನ ಮಾತನ್ನು ಲೆಕ್ಕಿಗರು ತಾಳೆ ನೋಡಿಯೇ ಒಪ್ಪಬೇಕು. ಹಳೆಯ ಯಂತ್ರವನ್ನು ನಿಲ್ಲಿಸುವ ಮುನ್ನ ಅದರಿಂದ ಆ ದಿನದ ತಾಳೆಪಟ್ಟಿಯನ್ನು ಮುದ್ರಿಸಿಕೊಳ್ಳಬೇಕು. ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ಮೊತ್ತ, ಉದ್ರಿ ಬಾಕಿಯ ಒಟ್ಟು, ಗಿರಾಕಿ ಖಾತೆಗಳ ಎಣಿಕೆ, ದಾಸ್ತಾನಿನ ಮೌಲ್ಯ, ಕಳೆದ ಮೂರು ತಿಂಗಳ ಪ್ರತಿ ತಿಂಗಳಿನ ಮಾರಾಟ ತೆರಿಗೆ ಮೊತ್ತ ಇವಿಷ್ಟನ್ನು ಅದೇ ಹಾಳೆಯಲ್ಲಿ ಬರೆದಿಡಬೇಕು. ಹೊಸ ಯಂತ್ರದಲ್ಲಿ ಅದೇ ವರದಿಗಳನ್ನು ತೆಗೆದು ಪೈಸೆಗೆ ಪೈಸೆ ಹೋಲಿಸಬೇಕು. ತೆರಿಗೆ ಮೊತ್ತವನ್ನು ಸಲ್ಲಿಸಿರುವ ಜಿ.ಎಸ್.ಟಿ.ಆರ್-3ಬಿಯೊಂದಿಗೂ ಹೋಲಿಸಿದರೆ ಹೊರಗಿನ ಸಾಕ್ಷ್ಯವೊಂದು ಸಿಕ್ಕಂತಾಗುತ್ತದೆ. ತಾಳೆಪಟ್ಟಿಯ ಎರಡು ಬದಿ ಸಮವಾದ ಮಾತ್ರಕ್ಕೆ ತೃಪ್ತಿಪಡುವಂತಿಲ್ಲ. ಆರು ತಿಂಗಳ ಹಿಂದಿನ ಬ್ಯಾಕಪ್ಪಿನ ತಾಳೆಪಟ್ಟಿಯೂ ಸಮವಾಗಿಯೇ ಇರುತ್ತದೆ. ಈ ಹೋಲಿಕೆ ಮುಗಿಯುವ ತನಕ ಒಂದು ಬಿಲ್ಲನ್ನೂ ಹಾಕಬಾರದು. ತುರ್ತಿದ್ದರೆ ಹಳೆಯ ಯಂತ್ರದಲ್ಲೇ ಹಾಕಿ, ಮರುದಿನ ಹೊಸದಾಗಿ ಪ್ರತಿ ತೆಗೆಯುವುದು ವಾಸಿ.

ರೂಟ್ ಎಂಬ ಸರ್ವಾಧಿಕಾರಿ

ಗುಪ್ತಪದ ನೆನಪಿಲ್ಲದಾಗ ತಂತ್ರಜ್ಞರು ಹಿಡಿಯುವ ಸುಲಭ ದಾರಿಯೆಂದರೆ ಮೈಎಸ್‌ಕ್ಯೂಎಲ್‌ನ ರೂಟ್ ಎಂಬ ಸರ್ವಾಧಿಕಾರದ ಹೆಸರಿನಲ್ಲೇ ಸಂಪರ್ಕ ಜೋಡಿಸುವುದು. ಕೆಲಸವೇನೋ ಆಗುತ್ತದೆ. ಆದರೆ ಆ ಗುಪ್ತಪದವು ಪ್ರಾಜೆಕ್ಟಿನ ಕಡತದಲ್ಲಿ ಯಾರು ಬೇಕಾದರೂ ಓದುವಂತೆ ಬರೆದಿರುತ್ತದೆ, ಅದನ್ನು ಬಲ್ಲವರು ತಂತ್ರಾಂಶವನ್ನು ತೆರೆಯದೆಯೇ ನೇರವಾಗಿ ಡೇಟಾಬೇಸಿಗಿಳಿದು ಬಿಲ್ಲನ್ನು ತಿದ್ದಬಹುದು.

ಕಂಪನಿಗಳಿಗೆ ಇದು ಸಣ್ಣ ವಿಷಯವಲ್ಲ. ಕಂಪನಿಗಳ (ಲೆಕ್ಕಪತ್ರ) ನಿಯಮಗಳು, 2014ರ ನಿಯಮ 3ರಂತೆ, 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಿನಾಂಕ ಸಹಿತ ದಾಖಲಿಸತಕ್ಕದ್ದು, ಆ ಜಾಡನ್ನು ಸ್ಥಗಿತಗೊಳಿಸಲು ಸಾಧ್ಯವಾಗಬಾರದು. ಲೆಕ್ಕಪರಿಶೋಧಕರು ಈ ಬಗ್ಗೆ ವರದಿ ಮಾಡಬೇಕು. ಜಾಡು ತಂತ್ರಾಂಶದ ಮಟ್ಟದಲ್ಲಿ ಮಾತ್ರವಿದ್ದು, ಡೇಟಾಬೇಸಿನ ಮಟ್ಟದಲ್ಲಿ ಯಾರೋ ರೂಟ್ ಹೆಸರಿನಲ್ಲಿ ಓಡಾಡಬಹುದಾದರೆ ವರದಿ ನಿರ್ಮಲವಾಗಿ ಬರಲಾರದು. ಮಾಲೀಕತ್ವದ ಮತ್ತು ಪಾಲುದಾರಿಕೆಯ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವಾದರೂ, ತಮ್ಮ ಉದ್ರಿ ಖಾತೆಯನ್ನು ಯಾರು ಬೇಕಾದರೂ ತಿದ್ದಬಹುದೆಂಬ ಸ್ಥಿತಿಯನ್ನು ಯಾವ ವರ್ತಕರೂ ಇಷ್ಟಪಡಲಾರರು. ತಂತ್ರಾಂಶಕ್ಕೆಂದೇ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಅದೊಂದೇ ಡೇಟಾಬೇಸಿನ ಮೇಲೆ ಬೇಕಾದಷ್ಟೇ ಅಧಿಕಾರ ಕೊಡುವುದು ಹತ್ತು ನಿಮಿಷದ ಕೆಲಸ.

ಬೀರುವಿನಲ್ಲಿಡಬೇಕಾದ ಹಾಳೆ

ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಕಂಪನಿಗಳಾದರೆ ಕಂಪನಿ ಕಾಯಿದೆಯ ಪ್ರಕಾರ ಎಂಟು ಆರ್ಥಿಕ ವರ್ಷ. ಗಣಕಯಂತ್ರದಲ್ಲಿ ಲೆಕ್ಕವಿಡುವವರಿಗೆ ಜಿ.ಎಸ್.ಟಿ. ನಿಯಮ 57 ಇನ್ನೂ ಸ್ಪಷ್ಟವಾಗಿದೆ. ದಾಖಲೆ ನಾಶವಾದರೂ ಯುಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕು. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಅವುಗಳ ಗುಪ್ತಪದ ಮತ್ತು ಸಂಕೇತಗಳ ವಿವರಣೆಯನ್ನು ಒದಗಿಸಬೇಕು. ತಂತ್ರಾಂಶ ಬರೆದ ಹುಡುಗ ಈಗ ಊರಲ್ಲಿಲ್ಲವೆಂಬುದು ಈ ನಿಯಮದ ಮುಂದೆ ಉತ್ತರವಾಗಲಾರದು.

ಹೀಗಿರುವಾಗ ಆರು ವಿವರಗಳ ಆ ಕಂತೆ ಮಾಲೀಕರ ಕೈಯಲ್ಲಿರಬೇಕೇ ಹೊರತು ತಂತ್ರಜ್ಞನ ನೆನಪಿನಲ್ಲಲ್ಲ. ಒಂದು ಹಾಳೆಯಲ್ಲಿ ಡೇಟಾಬೇಸ್ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಅದಿರುವ ಯಂತ್ರ, ದ್ವಾರ ಸಂಖ್ಯೆ, ಡೇಟಾಬೇಸಿನ ನಿಖರವಾದ ಹೆಸರು, ಬಳಕೆದಾರ, ಡ್ರೈವರ್ ಕಡತದ ಹೆಸರು, ಸರ್ವರಿನ ಆವೃತ್ತಿ, ಸಂಪರ್ಕವನ್ನು ಬರೆದಿರುವ ಕಡತಗಳು ಎಲ್ಲೆಲ್ಲಿವೆ ಎಂಬುದನ್ನು ಬರೆಸಿಕೊಳ್ಳಬೇಕು. ಡೇಟಾಬೇಸ್ ಮತ್ತು ಕೋಷ್ಟಕಗಳ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳನ್ನೂ ಇದ್ದಂತೆಯೇ ಬರೆಯುವುದು ಅಗತ್ಯ. ಮುಂದೆ ಲಿನಕ್ಸ್ ಸರ್ವರಿಗೆ ಹೋದಾಗ ಆ ವ್ಯತ್ಯಾಸವೂ ಸಂಪರ್ಕ ತಪ್ಪಿಸುತ್ತದೆ. ಗುಪ್ತಪದವನ್ನು ಬೇರೆ ಲಕೋಟೆಯಲ್ಲಿ ಮೊಹರು ಮಾಡಿ ಬೀರುವಿನಲ್ಲಿಡಬಹುದು. ತಂತ್ರಜ್ಞನಿಗೆ ಕೊನೆಯ ಕಂತಿನ ಹಣ ಕೊಡುವ ಮುನ್ನ ಈ ಹಾಳೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಕೊಟ್ಟ ಮೇಲೆ ಕೇಳಿದರೆ ಸಿಗುವುದಿಲ್ಲವೆಂಬುದು ವ್ಯಾಪಾರಿಗಳಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಯಂತ್ರ ಬದಲಾವಣೆಗೆ ತಿಂಗಳ 11 ಮತ್ತು 20ನೆಯ ತಾರೀಖುಗಳ ಆಸುಪಾಸನ್ನು ಬಿಟ್ಟು, 21ರ ನಂತರದ ಒಂದು ರಜಾ ದಿನವನ್ನು ಆರಿಸಿಕೊಳ್ಳಬಹುದು. ಪ್ರತಿ ತಿಂಗಳು ಜಿ.ಎಸ್.ಟಿ.ಆರ್-1 ಮತ್ತು 3ಬಿ ಸಲ್ಲಿಸುವವರಿಗೆ ಮುಂದಿನ ವಿವರಣೆಗೆ ಆಗ ಸುಮಾರು ಮೂರು ವಾರ ಅವಕಾಶ ಸಿಗುತ್ತದೆ. ಹಳೆಯ ಯಂತ್ರವನ್ನು ಕನಿಷ್ಠ ಒಂದು ತಿಂಗಳ ಪೂರ್ತಿ ವಿವರಣೆಗಳು ಹೊಸ ಯಂತ್ರದ ಲೆಕ್ಕದಿಂದ ಸಲ್ಲಿಕೆಯಾಗಿ, ತಿಂಗಳ ಕೊನೆಯ ದಾಸ್ತಾನು ಮುಕ್ತಾಯವೂ ಒಮ್ಮೆ ನಡೆಯುವವರೆಗೆ ಮಂಡಿಯ ಅಟ್ಟದ ಮೇಲಿಟ್ಟುಕೊಳ್ಳಬೇಕು. ಆ ಬಳಿಕವೂ ವಿನಿಮಯಕ್ಕೆ ಕೊಡುವಾಗ ಹಾರ್ಡ್ ಡಿಸ್ಕನ್ನು ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಕೊಡಬಹುದು. ಅದಕ್ಕಾಗಿ ಅಂಗಡಿಯವರು ಕಡಿತ ಮಾಡುವ ಮೊತ್ತ ಅತ್ಯಲ್ಪ.